ಭೂಮಿಯ ಉತ್ತರದ ಕೊನೆ ಯಾವ ಕಲ್ಲಿನ ಮೇಲಿದೆ?

2021ರ ಜುಲೈ ತಿಂಗಳಲ್ಲಿ ಗ್ರೀನ್‌ಲ್ಯಾಂಡಿನ ಉತ್ತರ ತೀರದಾಚೆ, ಹಿಮದ ಹಾಸಿನ ನಡುವೆ ಕಂಡ ಕೆಸರು ಮತ್ತು ಜಲ್ಲಿಕಲ್ಲಿನ ದಿಬ್ಬವೊಂದರ ಮೇಲೆ ಒಂದು ಹೆಲಿಕಾಪ್ಟರ್ ಇಳಿಯಿತು. ಅದರಲ್ಲಿದ್ದವರು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮಾರ್ಟೆನ್ ರಾಶ್ ನೇತೃತ್ವದ ಸಂಶೋಧಕರು. ತಾವು ಬಂದಿರುವುದು ಊಡಾಕ್ ಎಂಬ, 1978ರಿಂದಲೂ ದಾಖಲೆಯಲ್ಲಿರುವ ಪುಟ್ಟ ನಡುಗಡ್ಡೆಗೆ ಎಂದೇ ಅವರು ನಂಬಿದ್ದರು. ಮಾದರಿ ಸಂಗ್ರಹಿಸಿದರು, ಚಿತ್ರ ತೆಗೆದರು, ಹಿಂದಿರುಗಿದರು. ಆಮೇಲೆ ನಿರ್ದೇಶಾಂಕಗಳನ್ನು ತಾಳೆ ನೋಡಿದಾಗ ತಾವು ನಿಂತಿದ್ದ ಜಾಗ ಊಡಾಕ್‌ನಿಂದ ಸುಮಾರು 780 ಮೀಟರ್ ಆಚೆಗಿದೆ ಎಂಬುದು ತಿಳಿಯಿತು. ಅರವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲ, ಸಮುದ್ರ ಮಟ್ಟದಿಂದ ಮೂರು ನಾಲ್ಕು ಮೀಟರ್ ಎತ್ತರದ ಆ ದಿಬ್ಬಕ್ಕೆ ‘ಕೆಕೆರ್ತಾಕ್ ಅವನ್ನಾರ್ಲೆಕ್’ ಎಂಬ ಹೆಸರನ್ನು ಸೂಚಿಸಲಾಯಿತು. ಗ್ರೀನ್‌ಲ್ಯಾಂಡಿನ ಭಾಷೆಯಲ್ಲಿ ಅತ್ಯಂತ ಉತ್ತರದ ದ್ವೀಪ ಎಂದರ್ಥ. ಜಗತ್ತಿನ ಉತ್ತರದ ತುತ್ತತುದಿಯ ನೆಲ ಸಿಕ್ಕಿತೆಂದು ಸುದ್ದಿ ಲೋಕವೆಲ್ಲ ಸುತ್ತಿತು.

ಮರುವರ್ಷ ಡೆನ್ಮಾರ್ಕ್ ಮತ್ತು ಸ್ವಿಟ್ಜರ್ಲೆಂಡಿನ ತಜ್ಞರ ತಂಡ ಅಲ್ಲಿಗೆ ಮತ್ತೆ ಹೋಯಿತು. ಈ ಬಾರಿ ಬರಿಗಣ್ಣಿನ ನೋಟಕ್ಕೆ ತೃಪ್ತರಾಗದೆ, ಇಂಥ ದ್ವೀಪಗಳು ಕಂಡುಬಂದಿದ್ದವೆಂದು ಹಿಂದಿನವರು ಹೇಳಿದ್ದ ಪ್ರತಿಯೊಂದು ಜಾಗದಲ್ಲೂ ನೀರಿನ ಆಳವನ್ನು ಅಳೆದರು. ಎಲ್ಲಿಯೂ ನೆಲ ಸಿಗಲಿಲ್ಲ. 26ರಿಂದ 47 ಮೀಟರ್ ಆಳದಲ್ಲಿ ಸಮುದ್ರದ ತಳ ಇತ್ತು. ಮೇಲೆ ಕಾಣುತ್ತಿದ್ದದ್ದು ಜಲ್ಲಿ ಮತ್ತು ಮಣ್ಣನ್ನು ಹೊದ್ದುಕೊಂಡ ಚಪ್ಪಟೆ ಹಿಮಗಡ್ಡೆ. ದ್ವೀಪ ಸಿಕ್ಕ ಸುದ್ದಿ ಮುಖಪುಟಕ್ಕೆ ಬಂದಿದ್ದ ಪತ್ರಿಕೆಗಳಲ್ಲಿ ದ್ವೀಪ ಕರಗಿದ ಸುದ್ದಿಗೆ ಸಿಕ್ಕ ಜಾಗ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ಪಟ್ಟ ಮರಳಿ ಹಳೆಯ ವಾರಸುದಾರನಿಗೇ ಹೋಯಿತು. ಆ ವಾರಸುದಾರ ಕಾಫೆಕ್ಲುಬ್ಬೆನ್, ಗ್ರೀನ್‌ಲ್ಯಾಂಡಿಗರ ಮಾತಿನಲ್ಲಿ ಇನ್ಯೂಟ್ ಕೆಕೆರ್ತಾತ್. ಒಂದು ಕಿಲೋಮೀಟರು ಉದ್ದವೂ ಇಲ್ಲದ, ಯಾರೂ ವಾಸಿಸದ, ಯಾರೂ ವಾಸಿಸಲಾಗದ ದ್ವೀಪ. ಗ್ರೀನ್‌ಲ್ಯಾಂಡ್ ಯಾರದು, ಉತ್ತರ ಧ್ರುವ ಯಾರದು ಎಂಬ ಜಗಳ ದಿನಕ್ಕೊಂದು ರೂಪ ತಾಳುತ್ತಿರುವ ಈ ಹೊತ್ತಿನಲ್ಲಿ ಇದರ ಭೂಗೋಳವನ್ನು ತುಸು ಹತ್ತಿರದಿಂದ ನೋಡುವುದು ಲೇಸು. ನಕ್ಷೆಯ ತುತ್ತತುದಿಯ ಚುಕ್ಕೆಯ ಬಗ್ಗೆ ನಮಗಿರುವ ಮೋಹಕ್ಕೂ ಆ ಚುಕ್ಕೆಯ ನಿಜವಾದ ಬೆಲೆಗೂ ಬಹಳ ಅಂತರವಿದೆ.

ಹಿಮವಿಲ್ಲದ ಉತ್ತರ

ಗ್ರೀನ್‌ಲ್ಯಾಂಡ್ ಎಂದೊಡನೆ ಕಣ್ಣ ಮುಂದೆ ಬರುವುದು ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ಹೊದಿಕೆ. ಆದರೆ ಆ ಹೊದಿಕೆ ದ್ವೀಪದ ಉತ್ತರದ ಅಂಚನ್ನು ಮುಟ್ಟುವುದೇ ಇಲ್ಲ. ಅಲ್ಲಿರುವುದು ಪಿಯರಿ ಲ್ಯಾಂಡ್ ಎಂಬ ಪರ್ಯಾಯ ದ್ವೀಪ. ಬೆಟ್ಟಗಳಲ್ಲಿ ಅಲ್ಲಲ್ಲಿ ಹಿಮನದಿಗಳಿದ್ದರೂ ಬಹುಭಾಗ ಬರಿಯ ಕಲ್ಲು ಮತ್ತು ಜಲ್ಲಿಯ ಬಯಲು. ಕಾರಣ ಚಳಿಯಲ್ಲ, ಬರ. ಹಿಮದ ಹೊದಿಕೆ ಬೆಳೆಯಬೇಕಾದರೆ ಹಿಮ ಸುರಿಯಬೇಕು, ಹಿಮ ಸುರಿಯಬೇಕಾದರೆ ಗಾಳಿಯಲ್ಲಿ ತೇವ ಇರಬೇಕು. ವರ್ಷವಿಡೀ ಹೆಪ್ಪುಗಟ್ಟಿದ ಸಮುದ್ರದ ಪಕ್ಕದಲ್ಲಿ ಆ ತೇವ ಬರುವುದೆಲ್ಲಿಂದ? ಹೀಗೆ ಭೂಮಿಯ ಉತ್ತರದ ಕೊನೆಯ ನೆಲ ಮರುಭೂಮಿಯೂ ಹೌದು.

ಈ ತೀರದ ತುದಿ ಕೇಪ್ ಮಾರಿಸ್ ಜೆಸಪ್. ಅಮೆರಿಕದ ಅನ್ವೇಷಕ ರಾಬರ್ಟ್ ಪಿಯರಿ 1900ರಲ್ಲಿ ಜಾರುಬಂಡಿಯಲ್ಲಿ ಇಲ್ಲಿಗೆ ಬಂದು, ತನ್ನ ಯಾತ್ರೆಗಳಿಗೆ ಹಣ ಕೊಟ್ಟ ನ್ಯೂಯಾರ್ಕಿನ ಧನಿಕನ ಹೆಸರನ್ನು ಭೂಶಿರಕ್ಕೆ ಇಟ್ಟ. ಅದೇ ಯಾತ್ರೆಯಲ್ಲಿ ಪೂರ್ವಕ್ಕೆ ಸಾಗುವಾಗ ತೀರದಾಚೆ ಒಂದು ಸಣ್ಣ ದ್ವೀಪವನ್ನು ಕಂಡನಾದರೂ ಅದರ ಮೇಲೆ ಕಾಲಿಡಲಿಲ್ಲ. ಕಾಲಿಟ್ಟವನು ಡೆನ್ಮಾರ್ಕಿನ ಭೂವಿಜ್ಞಾನಿ ಲೌಗೆ ಕೋಕ್, 1921ರಲ್ಲಿ, ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನ್ಯೂಟ್ ಸಂಗಾತಿಗಳೊಂದಿಗೆ. ಹೆಸರಿಡುವ ಸರದಿ ಬಂದಾಗ ಅವನಿಗೆ ಧನಿಕರು ನೆನಪಾಗಲಿಲ್ಲ. ಕೋಪನ್‌ಹೇಗನ್ನಿನ ಖನಿಜ ವಸ್ತುಸಂಗ್ರಹಾಲಯದಲ್ಲಿ ಕಾಫಿ ಕುಡಿಯುತ್ತ ಹರಟುತ್ತಿದ್ದ ಗೆಳೆಯರ ಬಳಗ ನೆನಪಾಯಿತು. ಕಾಫೆಕ್ಲುಬ್ಬೆನ್ ಎಂದರೆ ಆ ಕಾಫಿ ಕೂಟವೇ.

ಭೂಶಿರಕ್ಕಿಂತ ಈ ದ್ವೀಪ ಇನ್ನೂ ಉತ್ತರಕ್ಕಿದೆ ಎಂಬುದು ಗೊತ್ತಾಗಲು ಮತ್ತೆ ಅರ್ಧ ಶತಮಾನ ಹಿಡಿಯಿತು. 1969ರಲ್ಲಿ ಕೆನಡಾದ ತಂಡವೊಂದು ಲೆಕ್ಕ ಹಾಕಿ, ಕಾಫೆಕ್ಲುಬ್ಬೆನ್‌ನ ಉತ್ತರದ ತುದಿ ಕೇಪ್ ಮಾರಿಸ್ ಜೆಸಪ್‌ಗಿಂತ 750 ಮೀಟರ್ ಮುಂದಿದೆ ಎಂದು ತೋರಿಸಿತು. ಸುಮಾರು 83 ಡಿಗ್ರಿ 40 ಮಿನಿಟ್ ಉತ್ತರ ಅಕ್ಷಾಂಶ. ಅಲ್ಲಿಂದ ಧ್ರುವಕ್ಕೆ 700 ಕಿಲೋಮೀಟರಿಗಿಂತ ತುಸು ಹೆಚ್ಚು. ಏಪ್ರಿಲ್ ಮೊದಲ ವಾರದಲ್ಲಿ ಮೇಲೆದ್ದ ಸೂರ್ಯ ಸೆಪ್ಟೆಂಬರ್ ಮೊದಲ ವಾರದ ವರೆಗೆ ಮುಳುಗುವುದಿಲ್ಲ. ಅಕ್ಟೋಬರ್ ನಡುವಿನಿಂದ ಫೆಬ್ರುವರಿ ಕೊನೆಯ ವರೆಗೆ ಮೂಡುವುದೇ ಇಲ್ಲ.

ಈ ದ್ವೀಪದಲ್ಲಿ ಹೂ ಬಿಡುತ್ತದೆ ಎಂದರೆ ನಂಬುವುದು ಕಷ್ಟ. ಹಾವಸೆ ಮತ್ತು ಕಲ್ಲುಹೂಗಳ ಜೊತೆಗೆ ನೇರಳೆ ಸ್ಯಾಕ್ಸಿಫ್ರೇಜ್ ಮತ್ತು ಆರ್ಕ್ಟಿಕ್ ಪಾಪಿ ಎಂಬ ಎರಡು ಹೂಗಿಡಗಳು ಇಲ್ಲಿ ಬದುಕಿವೆ. ಜಗತ್ತಿನಲ್ಲಿ ಇದಕ್ಕಿಂತ ಉತ್ತರಕ್ಕೆ ಹೂಗಿಡಗಳಿಲ್ಲ. ಸ್ಯಾಕ್ಸಿಫ್ರೇಜ್‌ನ ಬದುಕುವ ರೀತಿ ಗಮನಾರ್ಹ. ನೆಲಕ್ಕೆ ಅಂಟಿದ ದಿಂಬಿನಂತೆ ಒತ್ತೊತ್ತಾಗಿ ಬೆಳೆಯುವ ಅದರ ಎಲೆಗಳ ನಡುವಿನ ಗಾಳಿ ಹೊರಗಿನ ಗಾಳಿಗಿಂತ ಬೆಚ್ಚಗಿರುತ್ತದೆ. ಮೊಗ್ಗನ್ನು ಅದು ಹಿಂದಿನ ವರ್ಷವೇ ಕಟ್ಟಿಟ್ಟುಕೊಳ್ಳುತ್ತದೆ. ಹಿಮ ಸರಿದ ತಕ್ಷಣ ಅರಳುವುದಷ್ಟೇ ಬಾಕಿ. ಬೇಸಿಗೆ ಕೆಲವೇ ವಾರಗಳದ್ದಾದ ಕಡೆ ಮೊಗ್ಗು ಕಟ್ಟುವುದರಲ್ಲೇ ಆ ವಾರಗಳನ್ನು ಕಳೆದರೆ ಬೀಜ ಕಟ್ಟಲು ಸಮಯ ಉಳಿಯುವುದಿಲ್ಲ. ಪಾಪಿಯ ಹೂವಾದರೋ ದಿಗಂತದ ಸುತ್ತ ತಿರುಗುವ ಸೂರ್ಯನ ಕಡೆಗೇ ಮುಖ ಮಾಡುತ್ತ ತಾನೂ ತಿರುಗುತ್ತದೆ.

ಬೇರು ಬಿಟ್ಟ ಗಿಡ ಇರುವುದು ನೆಲ ನಿಂತ ನೆಲವೆಂಬುದಕ್ಕೆ ಒಳ್ಳೆಯ ಗುರುತು. ಒಳ್ಳೆಯ ಗುರುತು ಮಾತ್ರ, ಪುರಾವೆಯಲ್ಲ. ಏಕೆಂಬುದು ಮುಂದೆ ಬರುತ್ತದೆ.

ಬಂದು ಹೋಗುವ ದ್ವೀಪಗಳು

1978ರಲ್ಲಿ ಡೆನ್ಮಾರ್ಕಿನ ಭೂಮಾಪಕರ ತಂಡ ಕಾಫೆಕ್ಲುಬ್ಬೆನ್‌ನ ಸ್ಥಾನವನ್ನು ನಿಖರವಾಗಿ ಅಳೆಯಲು ಬಂದಿತ್ತು. ಅಲ್ಲಿ ನಿಂತವರಿಗೆ ಉತ್ತರದ ಕಡೆ ಹಿಮದ ಮೇಲೆ ಕಪ್ಪು ಚುಕ್ಕೆಯೊಂದು ಕಂಡಿತು. ಹೋಗಿ ನೋಡಿದರೆ 15 ಮೀಟರ್ ಉದ್ದ, 8 ಮೀಟರ್ ಅಗಲದ ಜಲ್ಲಿ ದಿಬ್ಬ, ಕಾಫೆಕ್ಲುಬ್ಬೆನ್‌ಗಿಂತ ಸುಮಾರು 1,360 ಮೀಟರ್ ಉತ್ತರಕ್ಕೆ. 1909ರ ಧ್ರುವ ಯಾತ್ರೆಯಲ್ಲಿ ಪಿಯರಿಯ ಜೊತೆಗಿದ್ದ ನಾಲ್ವರು ಇನ್ಯೂಟರಲ್ಲಿ ಒಬ್ಬನಾದ ಊಡಾಕ್‌ನ ಹೆಸರನ್ನು ಅದಕ್ಕೆ ಇಟ್ಟರು. ಮುಂದೆ ಹೋದವರಿಗೆ ಅದು ಒಮ್ಮೆ ಕಂಡರೆ ಇನ್ನೊಮ್ಮೆ ಕಾಣಲಿಲ್ಲ. 1996ರಲ್ಲಿ ಅಮೆರಿಕನ್ನರ ತಂಡವೊಂದಕ್ಕೆ ಇನ್ನೊಂದು ದಿಬ್ಬ ಸಿಕ್ಕಿತು, ಹತ್ತು ಮೀಟರ್ ಉದ್ದದ್ದು. 2003ರಲ್ಲಿ ಡೆನಿಸ್ ಷ್ಮಿಟ್ ಎಂಬ ಅಮೆರಿಕದ ಅನ್ವೇಷಕನಿಗೆ ಸಿಕ್ಕಿದ್ದು ಮತ್ತೂ ಉತ್ತರಕ್ಕೆ, ಮತ್ತೂ ದೊಡ್ಡದು: 35 ಮೀಟರ್ ಉದ್ದ, 4 ಮೀಟರ್ ಎತ್ತರ. ಅದಕ್ಕೆ ಅದರ ಅಕ್ಷಾಂಶವೇ ಹೆಸರಾಯಿತು, ‘83-42’. ಮುಂದಿನ ವರ್ಷಗಳಲ್ಲಿ ಇನ್ನೂ ಕೆಲವು ಸೇರಿದವು. ಉತ್ತರದ ದಾಖಲೆ ಮುರಿಯುವುದೇ ಒಂದು ಹವ್ಯಾಸವಾಗಿ ಬೆಳೆದಿತ್ತು. ಆ ಹವ್ಯಾಸದ ಬೆನ್ನು ಹತ್ತಿದವರ ನಡುವೆ ಪೈಪೋಟಿಯೂ ಇತ್ತು.

ಈ ದಿಬ್ಬಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ಬಹುಕಾಲ ಒಂದು ವಿವರಣೆ ಚಾಲ್ತಿಯಲ್ಲಿತ್ತು. ಆರ್ಕ್ಟಿಕ್ ಸಾಗರದ ಪ್ರವಾಹ ಸೈಬೀರಿಯಾದ ಕಡೆಯಿಂದ ಧ್ರುವದ ಮೇಲೆ ಹಾದು ಹಿಮವನ್ನು ಈ ತೀರದತ್ತ ತಳ್ಳುತ್ತದೆ. ತಳ್ಳಿದ ಹಿಮಕ್ಕೆ ಹೋಗಲು ದಾರಿಯಿಲ್ಲ. ಒಂದರ ಮೇಲೊಂದು ಏರಿ ದಿಣ್ಣೆಗಟ್ಟುತ್ತದೆ. ಆ ದಿಣ್ಣೆಗಳ ಬುಡ ಸಮುದ್ರದ ತಳವನ್ನು ಬುಲ್ಡೋಜರಿನಂತೆ ಉಜ್ಜಿ ಜಲ್ಲಿಯನ್ನು ಮೇಲಕ್ಕೆ ರಾಶಿ ಹಾಕುತ್ತದೆ, ಮುಂದಿನ ಬಿರುಗಾಳಿ ಆ ರಾಶಿಯನ್ನು ಕೆಡವುತ್ತದೆ ಎಂಬುದು ವಾದ. ಕೇಳಲು ಸೊಗಸಾಗಿತ್ತು. ತಳ ಒಂದೆರಡು ಮೀಟರ್ ಆಳದಲ್ಲಿದ್ದಿದ್ದರೆ ನಿಜವೂ ಆಗಬಹುದಿತ್ತು. ಮೂವತ್ತು ನಲವತ್ತು ಮೀಟರ್ ನೀರಿನಡಿಯಿಂದ ಜಲ್ಲಿಯನ್ನು ಮೇಲಕ್ಕೆತ್ತಿ ಗುಡ್ಡೆ ಹಾಕಲು ಯಾವ ಹಿಮದ ದಿಣ್ಣೆಗೂ ಸಾಧ್ಯವಿಲ್ಲ. ಆಳವನ್ನು ಅಳೆಯುವ ತನಕ ಆ ಪ್ರಶ್ನೆ ಯಾರನ್ನೂ ಗಟ್ಟಿಯಾಗಿ ಕಾಡಲಿಲ್ಲ ಎಂಬುದೇ ಸೋಜಿಗ.

ಈಗಿನ ವಿವರಣೆಗೆ ಶಾಲೆಯ ಲೆಕ್ಕವೊಂದು ಬೆಂಬಲವಾಗಿ ನಿಲ್ಲುತ್ತದೆ. ಹಿಮನದಿಯ ಹಿಮದ ಸಾಂದ್ರತೆ ಘನ ಮೀಟರಿಗೆ ಸುಮಾರು 900 ಕಿಲೋಗ್ರಾಂ, ಉಪ್ಪುನೀರಿನದು ಸುಮಾರು 1,025. ಎಂದರೆ ತೇಲುವ ಚಪ್ಪಟೆ ಹಿಮಗಡ್ಡೆಯ ಎಂಟು ಪಾಲಿನಲ್ಲಿ ಏಳು ಪಾಲು ನೀರಿನಡಿ. ಮೇಲೆ ನಾಲ್ಕು ಮೀಟರ್ ಕಂಡರೆ ಕೆಳಗೆ ಇಪ್ಪತ್ತೆಂಟು ಮೀಟರ್ ಇರಬೇಕು. ಮೇಲೆ ಜಲ್ಲಿಯ ಹೊರೆ ಇದ್ದರೆ ಇನ್ನೂ ತುಸು ಹೆಚ್ಚು. ಅಳೆದ ಆಳ 26ರಿಂದ 47 ಮೀಟರ್. ಆಳ ಕಡಿಮೆಯಿದ್ದಲ್ಲಿ ಗಡ್ಡೆಯ ಬುಡ ತಳಕ್ಕೆ ತಾಗಿ ನಿಲ್ಲುತ್ತದೆ. ಹೆಚ್ಚಿದ್ದಲ್ಲಿ ಸುತ್ತಲಿನ ಹಳೆಯ ಸಮುದ್ರ ಹಿಮವೇ ಅದನ್ನು ಕಚ್ಚಿ ಹಿಡಿದಿರಬಹುದು. ಎರಡೂ ಸಂದರ್ಭಗಳಲ್ಲಿ ಕೆಲವು ವರ್ಷ ಅಲುಗಾಡದೆ ನಿಲ್ಲುವ ಅದು, ನೋಡುವವನಿಗೆ ದ್ವೀಪವೇ. ಮೇಲಿನ ಕಲ್ಲುಮಣ್ಣು ಬಂದದ್ದೆಲ್ಲಿಂದ? ಕೇಪ್ ಮಾರಿಸ್ ಜೆಸಪ್ ಸುತ್ತಲಿನ ಹಿಮನದಿಗಳಿಂದ ಇವು ಒಡೆದು ಬಂದಿರಬೇಕೆಂಬುದು ತಂಡದ ತೀರ್ಮಾನ. ಬೆಟ್ಟದ ಬುಡದಲ್ಲಿ ಹರಿಯುವ ಹಿಮನದಿಯ ಬೆನ್ನ ಮೇಲೆ ಕಲ್ಲು ಜರಿದು ಬೀಳುವುದು ಹೊಸತೇನಲ್ಲ. ಬೇಸಿಗೆಯಲ್ಲಿ ಮೇಲ್ಪದರ ಕರಗಿದಂತೆ ಒಳಗಿನ ಜಲ್ಲಿಯೂ ಹೊರಬಂದು ಹೊದಿಕೆ ದಪ್ಪವಾಗುತ್ತದೆ. ದಪ್ಪವಾದಷ್ಟೂ ಕೆಳಗಿನ ಹಿಮಕ್ಕೆ ಬಿಸಿಲು ತಾಕುವುದು ಕಡಿಮೆ. ಹೀಗೆ ಆ ಜಲ್ಲಿಯೇ ಹಿಮಕ್ಕೆ ರಕ್ಷಾಕವಚ.

83-42ರ ಕಲ್ಲುಗಳ ಮೇಲೆ ಕಲ್ಲುಹೂ ಬೆಳೆದಿತ್ತು. ಕಲ್ಲುಹೂ ಬೆಳೆಯುವುದು ಬಲು ನಿಧಾನ. ಆದ್ದರಿಂದ ದ್ವೀಪ ಬಹುಕಾಲದಿಂದ ಅಲ್ಲೇ ಇದೆ ಎಂದು ವಾದಿಸಿದವರಿದ್ದರು. ಆದರೆ ಕಲ್ಲಿನ ಮೇಲಿನ ಕಲ್ಲುಹೂ ಆ ಕಲ್ಲು ಗಾಳಿಬೆಳಕಿನಲ್ಲಿ ಬಹುಕಾಲ ಇತ್ತೆಂಬುದನ್ನಷ್ಟೇ ಹೇಳುತ್ತದೆ. ಎಲ್ಲಿ ಇತ್ತೆಂಬುದನ್ನು ಹೇಳುವುದಿಲ್ಲ. ಬೆಟ್ಟದ ಮೇಲೆ ಬೆಳೆದ ಕಲ್ಲುಹೂ ಕಲ್ಲಿನ ಜೊತೆಗೇ ಹಿಮದ ಬೆನ್ನೇರಿ ಸಮುದ್ರಕ್ಕೆ ಬಂದಿರಲೂ ಸಾಕು. ಗಿಡವೊಂದನ್ನೇ ನಂಬಿ ನೆಲವೆಂದು ಹೇಳಲಾಗದು ಎಂದು ಮೇಲೆ ಹೇಳಿದ್ದು ಇದಕ್ಕೇ. ಕಾಫೆಕ್ಲುಬ್ಬೆನ್ ನೆಲವೆನಿಸಿಕೊಂಡದ್ದು ಅಲ್ಲಿನ ಹೂವಿನ ಬಲದಿಂದಲ್ಲ. ನೂರು ವರ್ಷಗಳಿಂದ ಯಾರು ಯಾವಾಗ ಅಳೆದರೂ ಅದು ಇದ್ದಲ್ಲೇ ಇದೆ, ಅಷ್ಟೆ.

ಈ ಕಥೆಯಲ್ಲಿ ನನಗೆ ಕಹಿಯೆನಿಸುವ ಒಂದು ಸಂಗತಿಯಿದೆ. ಭೂಶಿರಕ್ಕೆ ಧನಿಕನ ಹೆಸರು, ಪರ್ಯಾಯ ದ್ವೀಪಕ್ಕೆ ಅನ್ವೇಷಕನ ಹೆಸರು, ದ್ವೀಪಕ್ಕೆ ದೂರದ ನಗರದ ಕಾಫಿ ಕೂಟದ ಹೆಸರು. ಇವರೆಲ್ಲರನ್ನೂ ನಾಯಿಬಂಡಿಯಲ್ಲಿ ಕರೆದೊಯ್ದು ಜೀವಂತ ವಾಪಸು ತಂದ ಇನ್ಯೂಟರ ಪಾಲಿಗೆ ಬಂದ ಒಂದೇ ಒಂದು ಚುಕ್ಕೆ ಊಡಾಕ್. ಅದೂ ಹಿಮದ ಗಡ್ಡೆಯಾಗಿ ಹೊರಬಿತ್ತು.

ಇಲ್ಲದ ನೆಲವನ್ನು ಕಾಣುವುದು ಈ ಪ್ರದೇಶದಲ್ಲಿ ಹಳೆಯ ಚಾಳಿ. 1906ರಲ್ಲಿ ಪಿಯರಿ ಕೆನಡಾದ ಎಲ್ಸ್‌ಮೀರ್ ದ್ವೀಪದ ಬಳಿಯಿಂದ ವಾಯವ್ಯಕ್ಕೆ ನೋಡಿ ದೊಡ್ಡದೊಂದು ನೆಲ ಕಂಡಿತೆಂದು ಹೇಳಿ, ಅದಕ್ಕೆ ಕ್ರೋಕರ್ ಲ್ಯಾಂಡ್ ಎಂದು ಇನ್ನೊಬ್ಬ ದಾನಿಯ ಹೆಸರಿಟ್ಟ. 1913ರಲ್ಲಿ ಅದನ್ನು ಹುಡುಕಲು ಹೊರಟ ಡೊನಾಲ್ಡ್ ಮ್ಯಾಕ್‌ಮಿಲನ್ ತಂಡಕ್ಕೂ ಬೆಟ್ಟ ಕಣಿವೆಗಳೆಲ್ಲ ಕಂಡವು. ಜೊತೆಗಿದ್ದ ಪಿಯುಗಾಟ್ಟೋಕ್ ಎಂಬ ಇನ್ಯೂಟ್ ಬೇಟೆಗಾರ ಅದು ಬರಿಯ ಮಂಜು ಎಂದ. ದಿನಗಟ್ಟಲೆ ಸಮುದ್ರ ಹಿಮದ ಮೇಲೆ ನಡೆದ ಮೇಲೆ ಅವನ ಮಾತೇ ನಿಜವಾಯಿತು. ಬಿಸಿ ಮತ್ತು ತಣ್ಣನೆಯ ಗಾಳಿಯ ಪದರಗಳ ನಡುವೆ ಬೆಳಕು ಬಾಗಿ ಮೂಡಿಸಿದ ಮರೀಚಿಕೆ ಅದು.

ಕಾನೂನಿನ ಕಣ್ಣಿಗೆ ನೆಲ ಯಾವುದು

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 121ನೇ ವಿಧಿ ದ್ವೀಪಕ್ಕೆ ಮೂರು ಷರತ್ತು ಹಾಕುತ್ತದೆ: ಸಹಜವಾಗಿ ಉಂಟಾದ ನೆಲವಾಗಿರಬೇಕು, ಸುತ್ತ ನೀರಿರಬೇಕು, ಭರತದ ವೇಳೆಯಲ್ಲೂ ನೀರಿನ ಮೇಲಿರಬೇಕು. ಹಿಮಗಡ್ಡೆ ಕೊನೆಯ ಎರಡರಲ್ಲಿ ಸಲೀಸಾಗಿ ಪಾಸಾಗುತ್ತದೆ, ಮೊದಲನೆಯದರಲ್ಲೇ ಸೋಲುತ್ತದೆ.

ಸೋಲುತ್ತದೆ ಎಂದು ಈಗ ಸುಲಭವಾಗಿ ಹೇಳಬಹುದು. ನ್ಯಾಯಾಲಯವೊಂದು ಇದರಲ್ಲಿ ಸಿಕ್ಕಿಹಾಕಿಕೊಂಡ ಉದಾಹರಣೆಯೂ ಇದೆ. ಎಲ್ಸ್‌ಮೀರ್ ತೀರದ ಹಿಮಚಾಚಿನಿಂದ ಒಡೆದು ಆರ್ಕ್ಟಿಕ್ ಸಾಗರದಲ್ಲಿ ದಶಕಗಟ್ಟಲೆ ತೇಲಿದ ಟಿ-3 ಎಂಬ ಭಾರಿ ಹಿಮಗಡ್ಡೆಯ ಮೇಲೆ ಅಮೆರಿಕ 1952ರಿಂದ ಸಂಶೋಧನಾ ಶಿಬಿರ ನಡೆಸುತ್ತಿತ್ತು. 1970ರಲ್ಲಿ ಅಲ್ಲಿ ಗುಂಡು ಹಾರಿ ಒಬ್ಬ ಸತ್ತ. ಕೊಂದವನ ವಿಚಾರಣೆ ವರ್ಜೀನಿಯಾದಲ್ಲಿ ನಡೆಯಿತು. ಆದರೆ ಕೃತ್ಯ ನಡೆದದ್ದು ನೆಲದ ಮೇಲೋ, ಹಡಗಿನ ಮೇಲೋ, ತೆರೆದ ಸಮುದ್ರದಲ್ಲೋ? ಅಮೆರಿಕದ ನ್ಯಾಯಾಲಯಕ್ಕೆ ಅದನ್ನು ವಿಚಾರಿಸುವ ಅಧಿಕಾರ ಇದೆಯೇ ಎಂಬ ಪ್ರಶ್ನೆಯಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರು ಸರಿಸಮವಾಗಿ ಇಬ್ಭಾಗವಾದರು. ಕೆಳ ನ್ಯಾಯಾಲಯ ಅಧಿಕಾರವಿದೆ ಎಂದಿದ್ದರಿಂದ ಅದೇ ಉಳಿಯಿತು. ಗಡ್ಡೆಯೆಂದರೆ ಏನು ಎಂಬ ಪ್ರಶ್ನೆ ಹಾಗೇ ಉಳಿಯಿತು.

ನಿಜವಾದ ನೆಲವಾದರೂ ಎಲ್ಲ ದ್ವೀಪಗಳಿಗೂ ಒಂದೇ ಹಕ್ಕಿಲ್ಲ. ಜನವಸತಿಯನ್ನಾಗಲಿ ಸ್ವಂತ ಆರ್ಥಿಕ ಬದುಕನ್ನಾಗಲಿ ತಾಳಲಾರದ ಬಂಡೆಗಳಿಗೆ ಹೆಚ್ಚೆಂದರೆ 12 ನಾಟಿಕಲ್ ಮೈಲಿ, ಅಂದರೆ 22 ಕಿಲೋಮೀಟರ್ ಪ್ರಾದೇಶಿಕ ಸಮುದ್ರ ಸಿಗಬಹುದು. 200 ನಾಟಿಕಲ್ ಮೈಲಿಯ ವಿಶೇಷ ಆರ್ಥಿಕ ವಲಯವಾಗಲಿ ಖಂಡಾವರಣ ಪ್ರದೇಶವಾಗಲಿ (ಭೂಭಾಗ ನೀರಿನಡಿ ಮುಂದುವರಿದ ಸಮುದ್ರ ತಳ) ಸಿಗದು. ಕಾಫೆಕ್ಲುಬ್ಬೆನ್ ಯಾವ ಗುಂಪಿಗೆ ಸೇರುತ್ತದೆ ಎಂಬ ಚರ್ಚೆಗೆ ಅವಕಾಶವಿದ್ದರೂ ಪ್ರಯೋಜನವಿಲ್ಲ. ಹಿಂದೆಯೇ ಗ್ರೀನ್‌ಲ್ಯಾಂಡಿನ ದೊಡ್ಡ ತೀರ ನಿಂತಿದೆ, ಆ ತೀರಕ್ಕೆ ಎಲ್ಲ ಹಕ್ಕುಗಳೂ ಇವೆ. ದ್ವೀಪದಿಂದ ಹೆಚ್ಚೆಂದರೆ ಅಳತೆಯ ಗೆರೆ ಕೆಲವು ನೂರು ಮೀಟರ್ ಮುಂದೆ ಸರಿದೀತು.

ಸಣ್ಣ ದ್ವೀಪ ನಿಜವಾಗಿ ತಲೆನೋವಾಗುವುದು ಅದು ಇಬ್ಬರ ನಡುವೆ ಬಿದ್ದಾಗ. ಇದೇ ಗ್ರೀನ್‌ಲ್ಯಾಂಡಿನ ಪಶ್ಚಿಮಕ್ಕೆ, ಕೆನಡಾದ ಎಲ್ಸ್‌ಮೀರ್ ದ್ವೀಪಕ್ಕೆ ಎದುರಾಗಿರುವ ಕಿರಿದಾದ ಜಲಸಂಧಿಯ ನಡುವೆ ಹಾನ್ಸ್ ದ್ವೀಪವಿದೆ, ಸ್ಥಳೀಯರಿಗೆ ತಾರ್ತುಪಾಲುಕ್. ಒಂದೂಕಾಲು ಚದರ ಕಿಲೋಮೀಟರಿನ ಬೋಳು ಬಂಡೆ. 1973ರಲ್ಲಿ ಕೆನಡಾ ಮತ್ತು ಡೆನ್ಮಾರ್ಕ್ ಸಮುದ್ರದ ಗಡಿ ಎಳೆದಾಗ ಗೆರೆಯನ್ನು ದ್ವೀಪದ ಒಂದು ಬದಿಯಲ್ಲಿ ನಿಲ್ಲಿಸಿ ಇನ್ನೊಂದು ಬದಿಯಲ್ಲಿ ಮುಂದುವರಿಸಿದವು. 1984ರಿಂದ ಒಬ್ಬರು ಬಂದು ತಮ್ಮ ಬಾವುಟದ ಜೊತೆ ಮದ್ಯದ ಬಾಟಲಿ ಇಟ್ಟುಹೋಗುವುದು, ಇನ್ನೊಬ್ಬರು ಬಂದು ಬದಲಿಸುವುದು ನಡೆಯಿತು. ಅದನ್ನು ವಿಸ್ಕಿ ಯುದ್ಧವೆಂದು ನಕ್ಕವರೇ ಹೆಚ್ಚು. 2022ರ ಜೂನ್ 14ರಂದು ದ್ವೀಪವನ್ನು ಇಬ್ಭಾಗ ಮಾಡಿಕೊಂಡು ಸಹಿ ಹಾಕಿದರು. ಕಾಫೆಕ್ಲುಬ್ಬೆನ್‌ಗೆ ಅಂಥ ಎದುರಾಳಿ ದಡವಿಲ್ಲ. ಅದರ ಎದುರಿಗಿರುವುದು ಧ್ರುವ.

ಬಂಡೆಯಲ್ಲ, ಬೆನ್ನು

ಧ್ರುವದ ಲೆಕ್ಕವನ್ನೂ ನೋಡಿಬಿಡೋಣ. 200 ನಾಟಿಕಲ್ ಮೈಲಿ ಎಂದರೆ 370 ಕಿಲೋಮೀಟರ್. ಧ್ರುವ ಅದರ ಸುಮಾರು ಎರಡು ಪಟ್ಟು ದೂರ. ಅದರಾಚೆ ಸಮುದ್ರ ತಳದ ಮೇಲೆ ಹಕ್ಕು ಕೇಳಬೇಕಾದರೆ ಒಪ್ಪಂದದ 76ನೇ ವಿಧಿ ಇದೆ: ಆ ತಳ ನಮ್ಮ ಭೂಭಾಗದ ಸಹಜ ಮುಂದುವರಿಕೆ ಎಂದು ತೋರಿಸಬೇಕು. ತೋರಿಸಿದರೂ ಮಿತಿಗಳಿವೆ. ಒಂದು ಮಿತಿ, ತೀರದಿಂದ 350 ನಾಟಿಕಲ್ ಮೈಲಿ, ಅಂದರೆ 648 ಕಿಲೋಮೀಟರ್. ಗ್ರೀನ್‌ಲ್ಯಾಂಡಿನ ಉತ್ತರದ ಕೊನೆಯ ಕಲ್ಲಿನಿಂದ ಅಳೆದರೂ ಇದು ಧ್ರುವವನ್ನು ಮುಟ್ಟದೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಹಿಂದೆ ನಿಲ್ಲುತ್ತದೆ. ಊಡಾಕ್, 83-42, ಕೆಕೆರ್ತಾಕ್ ಅವನ್ನಾರ್ಲೆಕ್ ಎಲ್ಲವೂ ಅಪ್ಪಟ ನೆಲವೆಂದು ಸಾಬೀತಾಗಿದ್ದರೂ ಆ ಕೊರತೆ ತುಂಬುತ್ತಿರಲಿಲ್ಲ. ಅವು ಕೊಡಬಹುದಾಗಿದ್ದ ಲಾಭ ಮೂರು ನಾಲ್ಕು ಕಿಲೋಮೀಟರ್.

ಹಾಗಾದರೆ 2014ರ ಡಿಸೆಂಬರಿನಲ್ಲಿ ಡೆನ್ಮಾರ್ಕ್ ಗ್ರೀನ್‌ಲ್ಯಾಂಡಿನ ಪರವಾಗಿ ಸಲ್ಲಿಸಿದ ಸುಮಾರು 8 ಲಕ್ಷ 95 ಸಾವಿರ ಚದರ ಕಿಲೋಮೀಟರಿನ ಬೇಡಿಕೆ ಧ್ರುವವನ್ನೂ ದಾಟಿ ರಷ್ಯಾದ 200 ಮೈಲಿ ಗಡಿಯ ವರೆಗೆ ಹೋದದ್ದು ಹೇಗೆ? ಉತ್ತರ ಲೊಮೊನೊಸೊವ್ ಏಣಿನಲ್ಲಿದೆ. 1948ರಲ್ಲಿ ಸೋವಿಯತ್ ವಿಜ್ಞಾನಿಗಳು ಗುರುತಿಸಿದ, ಸುಮಾರು 1,800 ಕಿಲೋಮೀಟರ್ ಉದ್ದದ ಈ ಮುಳುಗಿದ ಪರ್ವತ ಶ್ರೇಣಿ ಸೈಬೀರಿಯಾದ ಕಡೆಯಿಂದ ಧ್ರುವದ ಬಳಿ ಹಾದು ಗ್ರೀನ್‌ಲ್ಯಾಂಡ್ ಮತ್ತು ಎಲ್ಸ್‌ಮೀರ್‌ಗಳ ಕಡೆಗೆ ಬರುತ್ತದೆ. 76ನೇ ವಿಧಿಯಲ್ಲಿ ಇನ್ನೊಂದು ಮಿತಿಯೂ ಇದೆ: 2,500 ಮೀಟರ್ ಆಳದ ಗೆರೆಯಿಂದ 100 ನಾಟಿಕಲ್ ಮೈಲಿ. ಏಣಿನ ನೆತ್ತಿ ಬಹುದೂರದ ವರೆಗೆ ಆ ಆಳಕ್ಕಿಂತ ಮೇಲಿದೆ. ಆದ್ದರಿಂದ ಈ ಮಿತಿಯನ್ನು ಹಿಡಿದರೆ ತೀರದಿಂದ ಎಷ್ಟು ದೂರ ಎಂಬುದು ಗೌಣವಾಗುತ್ತದೆ, ಏಣು ಖಂಡದ ಅಂಗವೇ ಎಂಬುದು ಮುಖ್ಯವಾಗುತ್ತದೆ. ಅಂಗವೆನಿಸದ ಬರಿಯ ಸಮುದ್ರದಡಿಯ ಏಣಾದರೆ ಹೆಚ್ಚೆಂದರೆ 350ರ ಮಿತಿಯೇ ಗತಿ. ಇಡೀ ವ್ಯಾಜ್ಯ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಅದನ್ನು ಸಾಬೀತುಪಡಿಸಲು ಡೆನ್ಮಾರ್ಕ್ 2007, 2009 ಮತ್ತು 2012ರಲ್ಲಿ ಸ್ವೀಡನ್ನಿನ ಓಡೆನ್ ಎಂಬ ಹಿಮಭಂಜಕ ಹಡಗಿನಲ್ಲಿ ತಂಡಗಳನ್ನು ಕಳಿಸಿ ತಳದ ಆಳ, ಪದರ, ಕಲ್ಲುಗಳನ್ನು ಅಳೆಸಿತು. ರಷ್ಯಾ 2007ರಲ್ಲಿ ಧ್ರುವದಡಿ ನಾಲ್ಕು ಸಾವಿರ ಮೀಟರಿಗೂ ಆಳದಲ್ಲಿ ಟೈಟಾನಿಯಂ ಬಾವುಟ ನೆಟ್ಟಿತು. ಬಾವುಟಕ್ಕೆ ಕಾನೂನಿನಲ್ಲಿ ಕವಡೆ ಕಿಮ್ಮತ್ತೂ ಇಲ್ಲ; ಆದರೆ ಸುದ್ದಿಯಾದದ್ದು ಅದೇ. ಅದೇ ರಷ್ಯಾ ಅದಕ್ಕೂ ಮೊದಲು, 2001ರಲ್ಲಿ, ಕಾಗದಪತ್ರದ ಮೂಲಕ ಬೇಡಿಕೆ ಸಲ್ಲಿಸಿತ್ತು. ಸಾಕ್ಷ್ಯ ಸಾಲದೆಂದು, ಇಂಥ ಬೇಡಿಕೆಗಳನ್ನು ಪರಿಶೀಲಿಸುವ ಖಂಡಾವರಣ ಮಿತಿಗಳ ಆಯೋಗ ಹಿಂದಕ್ಕೆ ಕಳಿಸಿದ ಮೇಲೆ 2015ರಲ್ಲಿ ತಿದ್ದಿ ಕೊಟ್ಟಿತು. 2023ರ ಫೆಬ್ರುವರಿಯಲ್ಲಿ ಆಯೋಗ ಆ ವಾದವನ್ನು ಬಹುಮಟ್ಟಿಗೆ ಒಪ್ಪಿತು. ಏಣು ಖಂಡದ ಅಂಗವೆಂದು ಒಂದು ತುದಿಯಿಂದ ಒಪ್ಪಿದ ಮೇಲೆ ಇನ್ನೊಂದು ತುದಿಯವರ ವಾದಕ್ಕೂ ಬಲ ಬರುವುದು ಸಹಜ. ಕೆನಡಾ ತನ್ನ ಬೇಡಿಕೆಯನ್ನು 2019ರಲ್ಲಿ ಸಲ್ಲಿಸಿದೆ. ಮೂವರ ಗೆರೆಗಳೂ ಧ್ರುವದ ಸುತ್ತ ಒಂದರ ಮೇಲೊಂದು ಬಿದ್ದಿವೆ.

ಯಾರೂ ಇಲ್ಲದ ಕಡೆ ಯಾರ ಆಳ್ವಿಕೆ

ಈ ಉತ್ತರ ತೀರ ಡೆನ್ಮಾರ್ಕಿನದು ಎಂಬುದೂ ತಾನಾಗಿ ಆದದ್ದಲ್ಲ. 1916ರಲ್ಲಿ ಅಮೆರಿಕ ಕೆರಿಬಿಯನ್ನಿನ ಡ್ಯಾನಿಶ್ ವೆಸ್ಟ್ ಇಂಡೀಸನ್ನು ಎರಡೂವರೆ ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಾಗ, ಡೆನ್ಮಾರ್ಕ್ ತನ್ನ ಹಿತಾಸಕ್ತಿಯನ್ನು ಇಡೀ ಗ್ರೀನ್‌ಲ್ಯಾಂಡಿಗೆ ವಿಸ್ತರಿಸಿದರೆ ಆಕ್ಷೇಪವಿಲ್ಲ ಎಂದು ಬರೆದುಕೊಟ್ಟಿತು. ಗ್ರೀನ್‌ಲ್ಯಾಂಡ್ ತನಗೆ ಬೇಕೆಂದು ಅದೇ ಅಮೆರಿಕದ ಅಧ್ಯಕ್ಷರು ಇತ್ತೀಚೆಗೆ ಪದೇ ಪದೇ ಹೇಳುವಾಗ ಈ ಕಾಗದ ನೆನಪಿಗೆ ಬರುತ್ತದೆ. ಕಾಫೆಕ್ಲುಬ್ಬೆನ್ ಮೇಲೆ ಕಾಲಿಟ್ಟ ಕೋಕ್‌ನ ಯಾತ್ರೆ ನಡೆದದ್ದು ಆ ಕಾಗದಕ್ಕೆ ಸಹಿ ಬಿದ್ದ ಐದೇ ವರ್ಷಕ್ಕೆ.

1931ರಲ್ಲಿ ನಾರ್ವೆ ಪೂರ್ವ ಗ್ರೀನ್‌ಲ್ಯಾಂಡಿನ ಒಂದು ಭಾಗ ತನ್ನದೆಂದು ಘೋಷಿಸಿದಾಗ ವಿಷಯ ಹೇಗ್‌ನ ಅಂದಿನ ಕಾಯಂ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1933ರ ತೀರ್ಪು ಡೆನ್ಮಾರ್ಕಿನ ಪರವಾಗಿ ಬಂತು. ಜನವಿಲ್ಲದ ಅಥವಾ ವಿರಳ ಜನರಿರುವ ಪ್ರದೇಶದಲ್ಲಿ, ಪ್ರತಿವಾದಿಯ ಹಕ್ಕು ಇನ್ನೂ ಬಲವಾಗಿಲ್ಲದಿದ್ದರೆ, ಆಳ್ವಿಕೆಯ ಸ್ವಲ್ಪವೇ ಕುರುಹು ಸಾಕು ಎಂಬುದು ನ್ಯಾಯಾಲಯದ ನಿಲುವು. ಸ್ವಲ್ಪವೇ ಸಾಕು ಎಂದರೂ ಆ ಸ್ವಲ್ಪ ಇರಲೇಬೇಕು. 1950ರಲ್ಲಿ ರೂಪುಗೊಂಡ ಸಿರಿಯಸ್ ಪಹರೆ ಆ ಸ್ವಲ್ಪದ ಜೀವಂತ ರೂಪ. ಡೆನ್ಮಾರ್ಕಿನ ನೌಕಾಪಡೆಯ ಈ ತುಕಡಿಯ ಯೋಧರು ಇಬ್ಬಿಬ್ಬರಾಗಿ ನಾಯಿಬಂಡಿಗಳಲ್ಲಿ ಉತ್ತರ ಮತ್ತು ಈಶಾನ್ಯ ಗ್ರೀನ್‌ಲ್ಯಾಂಡನ್ನು ಸುತ್ತುತ್ತಾರೆ. ಪಿಯರಿ ಲ್ಯಾಂಡನ್ನೂ ಒಳಗೊಂಡ ಅಲ್ಲಿನ ರಾಷ್ಟ್ರೀಯ ಉದ್ಯಾನ 9 ಲಕ್ಷ 72 ಸಾವಿರ ಚದರ ಕಿಲೋಮೀಟರಿನದು, ಜಗತ್ತಿನಲ್ಲೇ ದೊಡ್ಡದು. 2024ರ ಡಿಸೆಂಬರಿನಲ್ಲಿ ಡೆನ್ಮಾರ್ಕ್ ಘೋಷಿಸಿದ ಆರ್ಕ್ಟಿಕ್ ರಕ್ಷಣಾ ಯೋಜನೆಯಲ್ಲಿ ಎರಡು ಪಹರೆ ಹಡಗು, ಎರಡು ದೂರಗಾಮಿ ಡ್ರೋನ್‌ಗಳ ಜೊತೆ ಇನ್ನೆರಡು ನಾಯಿಬಂಡಿ ತಂಡಗಳೂ ಇದ್ದವು. ಕೇಳಿ ನಕ್ಕವರಿದ್ದಾರೆ. 1933ರ ತೀರ್ಪನ್ನು ಓದಿದವರು ನಗಲಾರರು.

ಯಾರೂ ಇಲ್ಲದ ನೆಲ ಎಂಬುದೂ ಇಂದಿನ ಮಾತಷ್ಟೇ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಪಿಯರಿ ಲ್ಯಾಂಡಿನಲ್ಲಿ ಜನ ಬದುಕಿದ್ದರು. 1948ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞ ಐಗಿಲ್ ಕ್ನುತ್ ಇಂಡಿಪೆಂಡೆನ್ಸ್ ಫಿಯರ್ಡ್ ಬಳಿ ಅವರ ಕಲ್ಲಿನ ಒಲೆಗಳನ್ನು ಪತ್ತೆ ಹಚ್ಚಿದ. ಕಸ್ತೂರಿ ಎತ್ತುಗಳನ್ನು ಬೇಟೆಯಾಡುತ್ತಿದ್ದ ಅವರು ಕೊನೆಗೆ ಇಲ್ಲವಾದರು. ಅವರ ನೆಲೆಗಳು ಇಂದಿನ ಸಮುದ್ರ ದಡಕ್ಕಿಂತ ಮೇಲೆ ಉಳಿದಿವೆ: ಹಿಮಯುಗದ ಹೊರೆ ಇಳಿದ ನೆಲ ಮೇಲಕ್ಕೆ ಏಳುತ್ತಲೇ ಬಂದಿದೆ.

ಈ ಏಳುವಿಕೆಯಿಂದಾಗಿ ಕಾಫೆಕ್ಲುಬ್ಬೆನ್ ಬಗ್ಗೆ ತಲೆಕೆಳಗಾದ ಮಾತೊಂದನ್ನು ಹೇಳಬೇಕಾಗುತ್ತದೆ. ಗ್ರೀನ್‌ಲ್ಯಾಂಡಿನ ಹಿಮ ಕರಗಿದರೆ ಜಗತ್ತಿನ ದೂರದ ತೀರಗಳು ಮುಳುಗುತ್ತವೆ, ಗ್ರೀನ್‌ಲ್ಯಾಂಡಿನ ತೀರ ಮುಳುಗುವುದಿಲ್ಲ. ಭಾರಿ ಹಿಮರಾಶಿ ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನು ತನ್ನೆಡೆಗೆ ಸೆಳೆದಿಟ್ಟುಕೊಂಡಿರುತ್ತದೆ. ರಾಶಿ ಕರಗಿದಷ್ಟೂ ಸೆಳೆತ ಸಡಿಲಿ ನೀರು ದೂರ ಸರಿಯುತ್ತದೆ, ಜೊತೆಗೆ ಹಗುರಾದ ನೆಲವೂ ಏಳುತ್ತದೆ. ಕಾಫಿ ಕೂಟದ ದ್ವೀಪಕ್ಕೆ ಸಮುದ್ರ ಮಟ್ಟದಿಂದ ಅಪಾಯವಿಲ್ಲ.

ಬದಲಾಗುತ್ತಿರುವುದು ಅದರ ಸುತ್ತಲಿನ ಹಿಮ. ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಉತ್ತರಕ್ಕಿರುವ ಈ ಪಟ್ಟಿ ಆರ್ಕ್ಟಿಕ್‌ನ ಹಳೆಯ, ದಪ್ಪ ಸಮುದ್ರ ಹಿಮದ ಕೊನೆಯ ಆಸರೆ. ಬೇಸಿಗೆಯ ಹಿಮ ಉಳಿದರೆ ಇಲ್ಲಿ ಮಾತ್ರ ಉಳಿದೀತು ಎಂದು ವಿಜ್ಞಾನಿಗಳು ನಂಬಿದ್ದ ಜಾಗ. ಆದರೆ 2018ರ ಫೆಬ್ರುವರಿಯ ಕತ್ತಲೆಯಲ್ಲಿ ಕೇಪ್ ಮಾರಿಸ್ ಜೆಸಪ್ ಹವಾಮಾನ ಕೇಂದ್ರದ ತಾಪಮಾನ ಸೊನ್ನೆಯನ್ನು ದಾಟಿತು, ತೀರದಾಚೆ ಹಿಮ ಬಿರಿದು ನೀರು ಕಂಡಿತು. ಅದೇ ಆಗಸ್ಟಿನಲ್ಲಿ ಮತ್ತೆ ಹಾಗಾಯಿತು. 2020ರ ಆಗಸ್ಟಿನಲ್ಲಿ ಕಾಫೆಕ್ಲುಬ್ಬೆನ್‌ಗೆ ಪೂರ್ವದ ವಾಂಡೆಲ್ ಸಮುದ್ರದ ಹಿಮ ದಾಖಲೆ ಮಟ್ಟಕ್ಕೆ ಇಳಿದಾಗ, ಜರ್ಮನಿಯ ಸಂಶೋಧನಾ ಹಡಗು ಪೋಲಾರ್‌ಸ್ಟರ್ನ್ ಹಿಂದೆ ಯಾರೂ ಸುಲಭವೆಂದುಕೊಳ್ಳದ ಆ ದಾರಿಯಲ್ಲಿ ಧ್ರುವ ತಲುಪಿತು. ಹಿಮ ತೆಳುವಾದಷ್ಟೂ ಜಲ್ಲಿ ಹೊತ್ತ ಗಡ್ಡೆಗಳನ್ನು ಹಿಡಿದು ನಿಲ್ಲಿಸುವವರಿಲ್ಲ. ಅವು ಬೇಗ ತೇಲಿಹೋಗಬಹುದು. ಒಂದು ಹೋದ ಕಡೆ ಇನ್ನೊಂದು ಬಂದು ನಿಲ್ಲಲೂಬಹುದು. ಆಗ ಹೊಸ ದ್ವೀಪ ಸಿಕ್ಕಿತೆಂಬ ಸುದ್ದಿ ಮತ್ತೆ ಬರದೇ ಇರದು. ಅಂಥ ಸುದ್ದಿ ಓದುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಪಕ್ಕದಲ್ಲಿ ನೀರಿನ ಆಳ ಎಷ್ಟಿತ್ತು?

ಹಡಗುಗಳಿಗೆ ದಾರಿಯಾದಷ್ಟೂ ತಳದ ಅಳತೆಯೂ ಸುಲಭವಾಗುತ್ತದೆ, ಬೇಡಿಕೆಗಳಿಗೆ ಬೇಕಾದ ಸಾಕ್ಷ್ಯವೂ ಹೆಚ್ಚುತ್ತದೆ. ಡೆನ್ಮಾರ್ಕ್ ಮತ್ತು ಕೆನಡಾದ ಬೇಡಿಕೆಗಳನ್ನು ಪರಿಶೀಲಿಸಿದ ಮೇಲೂ ಆಯೋಗ ಹೇಳಬಹುದಾದದ್ದು ಖಂಡದ ಅಂಚು ಎಲ್ಲಿಯ ವರೆಗೆ ಎಂಬುದನ್ನು ಮಾತ್ರ. ಒಂದರ ಮೇಲೊಂದು ಬಿದ್ದ ಗೆರೆಗಳನ್ನು ಬಿಡಿಸುವ ಅಧಿಕಾರ ಅದಕ್ಕಿಲ್ಲ. ಅದನ್ನು ಮೂರು ದೇಶಗಳು ಕುಳಿತು ಮಾತಾಡಿಯೇ ಬಗೆಹರಿಸಿಕೊಳ್ಳಬೇಕು. 2009ರ ಸ್ವಯಮಾಡಳಿತ ಕಾಯಿದೆಯ ಬಳಿಕ ತನ್ನ ಖನಿಜಗಳ ಮೇಲೆ ಹಕ್ಕು ಪಡೆದಿರುವ ಗ್ರೀನ್‌ಲ್ಯಾಂಡ್ ಆ ಮೇಜಿನಲ್ಲಿ ಡೆನ್ಮಾರ್ಕಿನ ಹಿಂದೆ ಕೂರುತ್ತದೆಯೋ, ತನ್ನದೇ ಕುರ್ಚಿಯಲ್ಲಿ ಕೂರುತ್ತದೆಯೋ ಎಂಬುದೂ ಇತ್ಯರ್ಥವಾಗಬೇಕಿದೆ.